ನಿವೃತ್ತರ ಹಳೆಯ ಕಾರಿಗೆ ಥರ್ಡ್ ಪಾರ್ಟಿ ವಿಮೆ ಸಾಕೇ?

ಧಾರವಾಡದಲ್ಲಿರುವ ನಿಮ್ಮ 67 ವರ್ಷದ ನಿವೃತ್ತ ತಂದೆಯವರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿಬರಲು ಬಳಸುವ ಎಂಟು ವರ್ಷದ ಕಾರಿಗೆ ಥರ್ಡ್ ಪಾರ್ಟಿ ವಿಮೆಯೊಂದೇ ಸಾಕೇ ಎಂದು ಕೇಳಿದ್ದೀರಿ. ಕಾನೂನಿಗೆ ಸಾಕು, 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಕಡ್ಡಾಯಗೊಳಿಸಿರುವುದು ಅದನ್ನೇ. ಆದರೆ ಅದು ಎದುರಿನವರ ನಷ್ಟವನ್ನು ಭರಿಸುತ್ತದೆಯೇ ಹೊರತು ನಿಮ್ಮ ಬಂಪರಿನದನ್ನಲ್ಲ. ಸುಭಾಸ ರಸ್ತೆಯ ಇಕ್ಕಟ್ಟಿನಲ್ಲಿ ಮೊದಲು ಪೆಟ್ಟು ತಿನ್ನುವುದು ಬಂಪರೇ.

ನನ್ನ ಮಟ್ಟಿಗೆ, ಕಾರಿಗೆ ಇನ್ನೂ ಒಳ್ಳೆಯ ಮಾರಾಟ ಬೆಲೆ ಇದ್ದರೆ ಸ್ವಂತ ಕಾರಿನ ಹಾನಿಯನ್ನೂ ಭರಿಸುವ ಸಮಗ್ರ ವಿಮೆಯನ್ನೇ ಮುಂದುವರಿಸುವುದು ಲೇಸು. ಸತತ ಐದು ವರ್ಷ ಕ್ಲೈಮ್ ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 50ರಷ್ಟು ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್, ದೊರೆಯುತ್ತದೆ. ಪಾಲಿಸಿಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ಅದು ಕೈತಪ್ಪುತ್ತದೆ. ಕ್ಲೈಮ್ ಮಾಡಿದರೂ ಈ ಬೋನಸ್ಸಿಗೆ ಪೆಟ್ಟು ಬೀಳುವುದರಿಂದ ಸಣ್ಣಪುಟ್ಟ ಗೀರುಗಳನ್ನು ಕೈಯಿಂದಲೇ ಖರ್ಚು ಮಾಡಿ ಸರಿಪಡಿಸಿಕೊಳ್ಳಲಿ. ಐದು ವರ್ಷ ದಾಟಿದ ಕಾರಿನ ಐಡಿವಿ, ಅಂದರೆ ವಿಮೆಗೆ ಒಪ್ಪಿದ ಮೌಲ್ಯ, ಕಂಪನಿ ಹಾಗೂ ಮಾಲೀಕರ ಒಪ್ಪಂದದಿಂದ ನಿಗದಿಯಾಗುವುದರಿಂದ, ಪ್ರೀಮಿಯಂ ಉಳಿಸಲೆಂದು ಅದನ್ನು ತೀರಾ ಇಳಿಸಿದರೆ ಕಾರು ಕಳುವಾದಾಗ ಕೈಗೆ ಬರುವ ಹಣವೂ ಅಷ್ಟೇ ಇಳಿದಿರುತ್ತದೆ.

ಓಡಾಟ ಕಡಿಮೆಯಾದ್ದರಿಂದ, ಓಡಿದ ಕಿಲೋಮೀಟರ್ ಆಧರಿಸಿದ ಪಾಲಿಸಿಯ ದರವನ್ನೂ ವಿಚಾರಿಸಬಹುದು.

ಮಾಲೀಕ-ಚಾಲಕರಿಗಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಬೇಕು. ಈ ವಯಸ್ಸಿನಲ್ಲಿ ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ, ಪಾಲಿಸಿಗಿಂತ ಮೊದಲು ಲೈಸೆನ್ಸಿನ ಮೇಲಿನ ತಾರೀಖನ್ನು ನೋಡಿರಿ.