ಟೀಚರಲ್ಲಿ ಕೇಳಿ: ಜಪಸರ ಕೈಯಲ್ಲಿ, ಕಿವಿ ಗೇಟಿನಲ್ಲಿ

ಪ್ರಶ್ನೆ: ಟೀಚರೇ, ಮಗನಿಗೆ ಮೂವತ್ತು ದಾಟಿತು. ಕುಡಿತ ಬಿಡುವುದಿಲ್ಲ. ವರ್ಷಗಟ್ಟಲೆ ಪ್ರಾರ್ಥಿಸಿದೆ, ಒಂಬತ್ತು ದಿನದ ನೊವೇನ ಮಾಡಿದೆ, ಹರಕೆ ಹೇಳಿದೆ. ಈಗ ಸಂಜೆ ಜಪಸರ ಹಿಡಿದರೆ ಬಾಯಿ ಮಾತ್ರ ಹೇಳುತ್ತದೆ, ಕಿವಿ ಗೇಟಿನಲ್ಲಿ ಅವನ ಬೈಕಿನ ಸದ್ದು ಕಾಯುತ್ತದೆ. ನಮ್ಮ ವಾಳೆಯ (ಇಗರ್ಜಿಯ ವಾರ್ಡಿನ) ಒಬ್ಬರು "ನಿನ್ನ ನಂಬಿಕೆ ಸಾಲದು" ಎಂದರು. ತಾಳ್ಮೆ ಅಂದರೆ ಇನ್ನೆಷ್ಟು ದಿನ?
– ಒಬ್ಬ ತಾಯಿ, ಪೆರ್ಲ (ಕಾಸರಗೋಡು)

ಅಕ್ಕಾ, ಮೊದಲು ಆ ವಾಳೆಯವರ ಮಾತನ್ನು ಅತ್ತ ಇಡಿ. ಬೇರೆಯವರ ನಂಬಿಕೆಯನ್ನು ತೂಗುವ ತಕ್ಕಡಿ ಯಾರ ಮನೆಯಲ್ಲೂ ಇಲ್ಲ. ಹಾಗೆ ಹೇಳುವವರಿಗೆ ಸಂತ ಮೋನಿಕಾ ಅವರ ಕಥೆ ಅರ್ಧ ಮಾತ್ರ ಗೊತ್ತು ಅಂತ ಕಾಣುತ್ತದೆ.

ಅತ್ತು ಅತ್ತು ಮಗ ಅಗಸ್ಟೀನನನ್ನು ದೇವರ ಕಡೆಗೆ ತಿರುಗಿಸಿದ ತಾಯಿ ಎಂದು ನಾವೆಲ್ಲ ಕೇಳಿದ್ದೇವೆ. ಆದರೆ ಆಕೆ ಬರೀ ಅಳುತ್ತಾ ಕೂತವರಲ್ಲ. ಮಗನಿಗೆ ಬುದ್ಧಿ ಹೇಳಿ ಎಂದು ಒಬ್ಬ ಬಿಷಪರ ಬೆನ್ನು ಹತ್ತಿದರು. "ಈಗ ಹೇಳಿದರೆ ಅವನು ಕೇಳುವುದಿಲ್ಲ, ನೀನು ಪ್ರಾರ್ಥಿಸು" ಎಂದರು ಬಿಷಪರು. ಈಕೆ ಬಿಡಲಿಲ್ಲ. ಕಡೆಗೆ ಅವರಿಗೇ ಬೇಜಾರಾಗಿ, ಇಷ್ಟು ಕಣ್ಣೀರಿನ ಮಗ ಹಾಳಾಗಲಿಕ್ಕಿಲ್ಲ, ಇನ್ನು ಹೋಗಮ್ಮ ಎಂದು ಕಳುಹಿಸಿದರು. ಮಗನೋ, ತಾಯಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ಹಡಗು ಹತ್ತಿ ರೋಮ್‌ಗೆ ಹೋದ. ಮೋನಿಕಮ್ಮ ಸಮುದ್ರ ದಾಟಿ ಮಿಲಾನಿನ ತನಕ ಹಿಂದೆಯೇ ಹೋದರು. 387ರ ಈಸ್ಟರಿಗೆ ಅವನಿಗೆ ಅಲ್ಲಿ ದೀಕ್ಷಾಸ್ನಾನವಾಯಿತು. ಅದೇ ವರ್ಷ ತಾಯಿ ತೀರಿಕೊಂಡರು.

ಇನ್ನೊಂದು ವಿಷಯ ಉಂಟು, ಪ್ರಸಂಗಗಳಲ್ಲಿ ಯಾರೂ ಹೇಳುವುದಿಲ್ಲ. ಮೋನಿಕಾ ಅವರಿಗೂ ಹುಡುಗಿಯಾಗಿದ್ದಾಗ ದ್ರಾಕ್ಷಾರಸದ ಚಟ ಹಿಡಿದಿತ್ತು! ಪೀಪಾಯಿಯಿಂದ ರಸ ತರಲು ಕಳುಹಿಸಿದಾಗ ಒಂದೊಂದು ಗುಟುಕು ಕುಡಿದು, ಕಡೆಗೆ ಲೋಟ ತುಂಬ ಕುಡಿಯುವಷ್ಟಾಯಿತು. ಮನೆಯ ಕೆಲಸದವಳೊಬ್ಬಳು ಜಗಳದಲ್ಲಿ "ಕುಡುಕಿ" ಎಂದು ಮುಖಕ್ಕೆ ಹೇಳಿದಳು. ಅವತ್ತೇ ಬಿಟ್ಟರು. ಇದನ್ನು ಬರೆದಿಟ್ಟವನು ಮಗ ಅಗಸ್ಟೀನನೇ. ಚಟ ಹಿಡಿದವರು ಕೆಟ್ಟವರೇ ಎಂದು ತೀರ್ಮಾನಿಸುವ ಮುಂಚೆ ಇದನ್ನು ಓದಬೇಕು.

ಆದರೆ ನಿಮ್ಮ ಮಗನದ್ದು ಒಂದು ಬೈಗುಳಕ್ಕೆ ನಿಲ್ಲುವ ಹಂತವಲ್ಲ, ಅಲ್ವಾ? ಹಾಗಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕೇರಳದ ಅಬಕಾರಿ ಇಲಾಖೆಯ "ವಿಮುಕ್ತಿ" ಯೋಜನೆಯಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ಸಿಗುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಒಂದು ಎಚ್ಚರಿಕೆ: ದಿನಾ ಜಾಸ್ತಿ ಕುಡಿಯುವವನಿಂದ ಪೀಠದ ಎದುರು ಆಣೆ ಹಾಕಿಸಿ, ಕೋಣೆಯಲ್ಲಿ ಕೂಡಿ ಹಾಕಬೇಡಿ. ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗಿ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ ಕಣ್ಣೆದುರೇ ನಿಲ್ಲಿಸಬೇಕು. ಅವನು ಕೈ ಎತ್ತುವುದೇನಾದರೂ ಉಂಟಾದರೆ ಅದನ್ನು ತಾಳಿಕೊಳ್ಳುವುದು ತಾಳ್ಮೆಯಲ್ಲ. ತಮ್ಮನ ಮನೆಗೋ ಅಕ್ಕನ ಮನೆಗೋ ಹೋಗಿ ಇರಿ. ಪ್ರಾರ್ಥನೆ ಅಲ್ಲಿಂದಲೂ ಆಗುತ್ತದೆ.

ಈಗ ಜಪಸರದ ವಿಷಯ. ಮನಸ್ಸು ನಿಲ್ಲದಿದ್ದರೆ ಏನು ಮಾಡಬೇಕೆಂದು ಲೊಯೋಲದ ಸಂತ ಇಗ್ನೇಷಿಯಸರು ಅಚ್ಚುಕಟ್ಟಾಗಿ ಹೇಳಿದ್ದಾರೆ. ಪ್ರಾರ್ಥನೆಯ ಜಾಗಕ್ಕೆ ಒಂದೆರಡು ಹೆಜ್ಜೆ ಇರುವಾಗಲೇ ನಿಲ್ಲಬೇಕು. "ಪರಲೋಕದಲ್ಲಿರುವ ನಮ್ಮ ತಂದೆಯೇ" ಹೇಳಿ ಮುಗಿಸುವಷ್ಟು ಹೊತ್ತು ನಿಂತು, ದೇವರು ನನ್ನನ್ನು ನೋಡುತ್ತಿದ್ದಾನೆ ಎಂದು ನೆನೆಯಬೇಕು. ಆಮೇಲೆ ತಲೆಬಾಗಿ ಮುಂದೆ ಹೋಗಬೇಕು. ಇಷ್ಟೇ. ನಾನು ಇದನ್ನು ಅಡುಗೆಮನೆಯ ಹೊಸ್ತಿಲಲ್ಲಿ ಮಾಡುತ್ತೇನೆ. ಗ್ಯಾಸ್ ಆಫ್, ಮೊಬೈಲ್ ಫ್ರಿಜ್ಜಿನ ಮೇಲೆ, ಸೆರಗಿಗೆ ಒದ್ದೆ ಕೈ ಒರೆಸಿಕೊಂಡು ಅಲ್ಲೇ ನಿಲ್ಲುವುದು. ಮೊಮ್ಮಕ್ಕಳು ಮೊದಮೊದಲು "ಅಜ್ಜಿಗೆ ಕಾಲು ನೋವಾ?" ಎಂದು ಕೇಳುತ್ತಿದ್ದರು. ಹೀಗೆ ನಿಲ್ಲದೆ ಓಡಿಬಂದು ಮಂಡಿಯೂರಿದರೆ ಮೊದಲ ಐದು ಮಣಿಗಳು ನನಗೆ ಗೊತ್ತೇ ಆಗುವುದಿಲ್ಲ.

ಅದೇ ಸಂತರ ಇನ್ನೊಂದು ಸೂಚನೆ ನಿಮಗೇ ಹೇಳಿದ ಹಾಗಿದೆ. ಪ್ರಾರ್ಥನೆ ಒಣಗಿಹೋಗಿ ಎದ್ದುಬಿಡೋಣ ಅನಿಸುವ ದಿನ, ಗೊತ್ತು ಮಾಡಿದ ಸಮಯಕ್ಕಿಂತ ಸ್ವಲ್ಪ ಜಾಸ್ತಿ ಕೂರಬೇಕಂತೆ. ಜಪಸರದ ಐದು ರಹಸ್ಯ (ಐದು ಸುತ್ತು ಮಣಿ) ಮುಗಿದ ಮೇಲೆ ಒಂದು ನಿಮಿಷ ಸುಮ್ನೆ ಕೂತುಬಿಡಿ. ಬೈಕಿನ ಸದ್ದು ಕೇಳಿಸಿದರೆ ಕೇಳಿಸಲಿ. ಅದನ್ನೂ ದೇವರಿಗೆ ಹೇಳಿ: "ಇಗೋ ಬಂದ, ಇವತ್ತೂ ಕುಡಿದಿದ್ದಾನೆ." ಇದು ಪ್ರಾರ್ಥನೆಯಲ್ಲ ಎಂದು ಯಾರು ಹೇಳಿದರು?

ಪ್ರಶ್ನೆ: ಕನ್ನಡ ಶಿಕ್ಷಕರ ಹುದ್ದೆಗೆ ಪಿ.ಎಸ್.ಸಿ. ಬರೆದು ರ‍್ಯಾಂಕ್ ಪಟ್ಟಿಯಲ್ಲಿದ್ದೇನೆ. ನೇಮಕಾತಿ ನಡೆಯುವ ಲಕ್ಷಣ ಇಲ್ಲ, ಪಟ್ಟಿಯ ಅವಧಿ ಮುಗಿಯುತ್ತಾ ಬಂತು. ದುಬೈಯಲ್ಲಿ ಭಾವ ಒಂದು ಕೆಲಸ ನೋಡಿದ್ದಾರೆ. ದೇವರು ಉತ್ತರವನ್ನೇ ಕೊಡುವುದಿಲ್ಲ. ರೋಸಿಹೋಗಿ ಇವತ್ತೇ ಹೂಂ ಅನ್ನೋಣ ಅನಿಸುತ್ತದೆ.
– ಎ., ಮಂಜೇಶ್ವರ

ಮಗಾ, ದುಬೈಗೆ ಹೋಗು ಅಂತಲೂ ಹೋಗಬೇಡ ಅಂತಲೂ ನಾನು ಹೇಳುವುದಿಲ್ಲ. ರೋಸಿಹೋದ ದಿನ ಹೂಂ ಅನ್ನಬೇಡ. ಇದೂ ಇಗ್ನೇಷಿಯಸರದ್ದೇ ನಿಯಮ: ಮನಸ್ಸು ಕತ್ತಲಾಗಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಾಯಿಸಬಾರದು. ಮೊದಲಿಗೆ ಟೀಚರಾಗಬೇಕೆಂದು ಯಾಕೆ ಅನಿಸಿತ್ತು? ಒಂದು ಹಾಳೆಯಲ್ಲಿ ಬರೆ. ಭಾವನಲ್ಲಿ ಒಂದು ವಾರ ಟೈಮ್ ಕೇಳು. ಮನಸ್ಸು ತಿಳಿಯಾದ ದಿನವೂ ದುಬೈ ಒಳ್ಳೆಯದೆಂದೇ ಕಂಡರೆ ಹೋಗು, ಅದರಲ್ಲಿ ಪಾಪ ಎಂತದ್ದೂ ಇಲ್ಲ.

ಈ ಇಗ್ನೇಷಿಯಸರು ಪುಸ್ತಕ ನೋಡಿ ಉಪದೇಶ ಮಾಡಿದವರಲ್ಲ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದ ಸೈನಿಕ. ಮೂವತ್ತು ದಾಟಿದ ಮೇಲೆ ಬಾರ್ಸಿಲೋನದಲ್ಲಿ ಸಣ್ಣ ಹುಡುಗರ ಜೊತೆ ಕೂತು ಲ್ಯಾಟಿನ್ ಕಲಿತರು. 1537ರಲ್ಲಿ ಗುರುದೀಕ್ಷೆಯಾಗಿ ಪಾದ್ರಿಯಾದರು. ಮರುದಿನವೇ ಪೂಜೆ ಅರ್ಪಿಸಬಹುದಿತ್ತು. ಅರ್ಪಿಸಲಿಲ್ಲ. ತಯಾರಿ ಬೇಕು ಎಂದು ಕಾದರು. ಸಂಗಡಿಗರ ಜೊತೆ ಜೆರುಸಲೇಮಿಗೆ ಹೋಗುವುದು ಅವರ ದೊಡ್ಡ ಆಸೆ. ವೆನಿಸ್‌ನವರಿಗೂ ತುರ್ಕರಿಗೂ ಯುದ್ಧ ಹತ್ತಿಕೊಂಡು ಆ ವರ್ಷ ಹಡಗೇ ಹೊರಡಲಿಲ್ಲ! ಕಡೆಗೆ ಮೊದಲ ಪೂಜೆ ಅರ್ಪಿಸಿದ್ದು 1538ರ ಕ್ರಿಸ್ಮಸ್‌ಗೆ, ರೋಮ್‌ನಲ್ಲಿ. ಹಡಗು ಕಾಯುತ್ತಿದ್ದ ದಿನಗಳಲ್ಲೂ ಅವರು ಸುಮ್ಮನಿರಲಿಲ್ಲ, ಊರೂರಲ್ಲಿ ಮಕ್ಕಳಿಗೂ ಬಡವರಿಗೂ ಬೋಧಿಸಿದರು. ಜೆರುಸಲೇಮಿಗೆ ಹೋಗಿ ನೆಲೆಸುವ ಯೋಜನೆ ಅಲ್ಲಿಗೆ ಬಿಟ್ಟುಹೋಯಿತು. ಅದರ ಬದಲು ಹುಟ್ಟಿದ್ದು ಯೇಸುಸಭೆ, ಜೆಸ್ವಿತ್ ಗುರುಗಳ ಸಂಘ. ಅದೇ ಸಭೆಯ ಗುರುಗಳು 1878ರ ಕೊನೆಯ ದಿನ ಮಂಗಳೂರಿಗೆ ಬಂದರು, 1880ರಲ್ಲಿ ಅಲೋಶಿಯಸ್ ಕಾಲೇಜು ಶುರುವಾಯಿತು. ನೀನು ಓದಿದ್ದು ಅಲ್ಲೇ ಎಂದು ಪತ್ರದಲ್ಲಿ ಬರೆದಿದ್ದೀಯಲ್ಲ.

ಪಟ್ಟಿ ಸಾಯುವ ತನಕ ಕೈಕಟ್ಟಿ ಕೂರಬೇಡ. ಗಡಿಯ ಕನ್ನಡ ಶಾಲೆಗಳಲ್ಲಿ ದಿನಗೂಲಿ ಶಿಕ್ಷಕರು ಬೇಕಾಗುತ್ತಲೇ ಇರುತ್ತಾರೆ. ಜೂನ್‌ಗೆ ಮೊದಲೇ ಹೋಗಿ ವಿಚಾರಿಸು.

ಪ್ರಶ್ನೆ: "ರೈತನ ಹಾಗೆ ತಾಳ್ಮೆಯಿಂದಿರಿ" ಎಂದು ಬೈಬಲಿನ ಪತ್ರದಲ್ಲಿ ಯಕೋಬ ಬರೆದಿದ್ದಾನೆ. ಪಾಪ, ಅವನು ಅಡಿಕೆ ಬೆಳೆಗಾರರನ್ನು ನೋಡಿಲ್ಲ! ಜುಲೈಯಲ್ಲಿ ಕೊಳೆರೋಗದ ಎರಡನೇ ಮದ್ದು ಬಿಡಲು ಮಳೆ ಬಿಡುವುದಿಲ್ಲ, ಮಳೆ ಬಿಟ್ಟರೆ ಮರ ಹತ್ತುವವರು ಸಿಗುವುದಿಲ್ಲ. ನಮ್ಮಷ್ಟು ತಾಳ್ಮೆಗೆಟ್ಟವರು ಯಾರಿದ್ದಾರೆ?
– ಒಬ್ಬ ಕೃಷಿಕ, ಎಣ್ಮಕಜೆ

ಅಣ್ಣಾ, ನಗು ಬಂತು. ಯಕೋಬನ ನಾಡಿನ ರೈತನಿಗೂ ಮಳೆಯದ್ದೇ ತಲೆಬಿಸಿ. ಅಕ್ಟೋಬರ್-ನವೆಂಬರಿನ ಮುಂಗಾರು ಬಂದರೆ ಉಳುವುದು, ಮಾರ್ಚ್-ಏಪ್ರಿಲಿನ ಹಿಂಗಾರು ಬಂದರೆ ಕಾಳು ತುಂಬುವುದು. ಎರಡರಲ್ಲಿ ಒಂದು ಕೈಕೊಟ್ಟರೂ ಆ ವರ್ಷ ಉಪವಾಸವೇ. ಹಾಗಾಗಿ ಯಕೋಬ ಆರಾಮವಾಗಿ ಕಾಯುವವನನ್ನು ನೋಡಿ ಬರೆದದ್ದಲ್ಲ.

ನೀವೂ ಕಾಯುತ್ತೀರಿ, ಆದರೆ ಮೇ ಕೊನೆಗೇ ಮೈಲುತುತ್ತು, ಸುಣ್ಣ ತಂದಿಟ್ಟಿರುತ್ತೀರಲ್ಲ? ನೂರು ಲೀಟರ್ ನೀರಿಗೆ ಕಿಲೋಗೆ ಕಿಲೋ. ನಮ್ಮ ತೋಟದಲ್ಲಿ ಮದ್ದು ಕಲಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿಗೆ ತುಕ್ಕಿನ ಹಾಗೆ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಮಳೆ ನಿಮ್ಮ ಕೈಯಲ್ಲಿಲ್ಲ, ಸುಣ್ಣ ಉಂಟು. ಯಕೋಬ ಕೇಳುವುದು ಅಷ್ಟನ್ನೇ ಎಂದು ನನಗೆ ಅನಿಸುತ್ತದೆ. ವಾಕ್ಯ ಓದುವುದು, ಪಾಪನಿವೇದನೆಗೆ ಹೋಗುವುದು, ಜಗಳವಾಡಿದವರ ಜೊತೆ ಮಾತು ಶುರು ಮಾಡುವುದು. ಉಳಿದದ್ದು ಮೇಲಿನವನಿಗೆ.

ಒಂದು ಮಾತು, ಬೇಜಾರು ಮಾಡಬೇಡಿ. ಅದೇ ಐದನೇ ಅಧ್ಯಾಯದಲ್ಲಿ, ರೈತನ ಮಾತಿಗೆ ಸ್ವಲ್ಪ ಮುಂಚೆಯೇ, ಕೊಯ್ಲಿನ ಆಳುಗಳ ಕೂಲಿ ಹಿಡಿದಿಟ್ಟವರನ್ನು ಯಕೋಬ ಚೆನ್ನಾಗಿ ಬೈದಿದ್ದಾನೆ. ಮರ ಹತ್ತುವವರು ಯಾಕೆ ಸಿಗುವುದಿಲ್ಲ ಎನ್ನುವ ಲೆಕ್ಕವನ್ನೂ ಒಮ್ಮೆ ನೋಡಿಬಿಡಿ.

ಪ್ರಶ್ನೆ: ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ) ಹಾರದಲ್ಲಿ ಒಂದು ಮೇಣದಬತ್ತಿ ಮಾತ್ರ ಗುಲಾಬಿ ಬಣ್ಣ ಯಾಕೆ? ಮನೆಯ ಎದುರು ನಕ್ಷತ್ರ ಯಾವಾಗ ಹಾಕಬೇಕು?
– ಏಳನೇ ತರಗತಿ ವಿದ್ಯಾರ್ಥಿನಿ, ಬೇಳ

ನಮ್ಮದೇ ಇಗರ್ಜಿಯ ಹುಡುಗಿ! ಉಳಿದ ಬತ್ತಿಗಳ ನೇರಳೆ ತಯಾರಿಯ, ತಪಸ್ಸಿನ ಬಣ್ಣ. ಮೂರನೇ ಭಾನುವಾರ ಸಂತೋಷದ ಭಾನುವಾರ, ಅರ್ಧ ದಾರಿ ದಾಟಿತು ಎಂದು ಗುಲಾಬಿ. ಈ ಹಾರವನ್ನು ಈಗಿನ ರೀತಿಯಲ್ಲಿ ಶುರು ಮಾಡಿದವರು ನಮ್ಮವರಲ್ಲ, ಜರ್ಮನಿಯ ಹ್ಯಾಂಬರ್ಗಿನ ಯೊಹಾನ್ ವಿಖೆರ್ನ್ ಎಂಬ ಲೂಥರನ್ ಪಾದ್ರಿ, 1839ರಲ್ಲಿ. ಅವರ ಆಶ್ರಮದ ಬಡ ಮಕ್ಕಳು "ಕ್ರಿಸ್ಮಸ್ ಯಾವಾಗ?" ಎಂದು ದಿನಾ ತಲೆ ತಿನ್ನುತ್ತಿದ್ದರು. ಗಾಡಿಚಕ್ರದ ಮೇಲೆ ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಸಣ್ಣ ಬತ್ತಿ ಇಟ್ಟು ದಿನಕ್ಕೊಂದು ಹಚ್ಚಿಸಿದರು. ಕಥೋಲಿಕರು ಆಮೇಲೆ ತೆಗೆದುಕೊಂಡರು.

ನಕ್ಷತ್ರಕ್ಕೆ ನಿಯಮ ಇಲ್ಲ. ಡಿಸೆಂಬರ್ ಒಂದಕ್ಕೇ ಹಾಕುವವರು ಇದ್ದಾರೆ, ಯೇಸು ಹುಟ್ಟಿದ ಗೋದಲಿಯನ್ನು ಕಟ್ಟುವಾಗ ಜೊತೆಗೇ ಹಾಕುವವರೂ ಇದ್ದಾರೆ. ಅಪ್ಪನಲ್ಲಿ ವಯರ್ ಮಾತ್ರ ಒಮ್ಮೆ ನೋಡಲು ಹೇಳು, ಹಳೆಯದಾದರೆ ಇಲಿ ಕಚ್ಚಿರುತ್ತದೆ.