ವೀನಸ್‌ಗೆ ಮೂರು ಸಾಲು ಸಾಕು

ಧಾರವಾಡದ ಓದುಗರೊಬ್ಬರ ಪತ್ರ: “ಗ್ರೀಸಿನ ಮಿಲೋಸ್ ದ್ವೀಪದ ಕುರಿತ ನಿಮ್ಮ ಲೇಖನದಲ್ಲಿ ಅಥೆನ್ಸಿನವರ ನರಮೇಧಕ್ಕೆ ನಾಲ್ಕು ಸಾಲು, ವೀನಸ್ ಪ್ರತಿಮೆಗೆ ಮೂರು, ಕಪ್ಪು ಕಲ್ಲಿಗೆ ಎರಡು ಪುಟ! ಇದು ಇತಿಹಾಸವೋ, ಭೂಗರ್ಭಶಾಸ್ತ್ರದ ಪಾಠವೋ?”

ಸಂಪಾದಕರ ಉತ್ತರ: ಸಾಲು ಎಣಿಸಿ ಓದುವವರು ಇನ್ನೂ ಇದ್ದಾರಲ್ಲ, ಸಂತೋಷ. ನರಮೇಧದ ವಿಷಯದಲ್ಲಿ ನಿಮ್ಮ ದೂರು ನ್ಯಾಯವೇ. ಕ್ರಿ.ಪೂ. 416ರಲ್ಲಿ ಅಥೆನ್ಸ್ 38 ಹಡಗು ಕಳಿಸಿ ಊರಿಗೆ ಮುತ್ತಿಗೆ ಹಾಕಿತು. ಜನ ಶರಣಾದ ಮೇಲೂ ಪ್ರಾಯದ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿ, ತನ್ನ 500 ಮಂದಿಯನ್ನು ತಂದು ಕೂರಿಸಿತು. ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಇದನ್ನು ಬರೆದಿಟ್ಟ. ಇನ್ನೆರಡು ಸಾಲು ಕೊಡಬಹುದಿತ್ತು.

ವೀನಸ್‌ಗೆ ಮಾತ್ರ ಮೂರೇ ಹೆಚ್ಚು. 1820ರಲ್ಲಿ ಮಿಲೋಸ್‌ನ ರೈತನೊಬ್ಬನಿಗೆ ಸಿಕ್ಕ ಆ ಪ್ರತಿಮೆಯ ಅಮೃತಶಿಲೆ ಪಾರೋಸ್ ದ್ವೀಪದ್ದು. ಈಗ ಕಳೆದುಹೋಗಿರುವ ಪೀಠದ ಬರಹದ ಪ್ರಕಾರ ಶಿಲ್ಪಿ ಈಗಿನ ಟರ್ಕಿಯ ಆಂಟಿಯೋಕ್‌ನವನು. ಮರುವರ್ಷದಿಂದ ಅದರ ವಾಸ ಪ್ಯಾರಿಸ್ಸಿನ ಲೂವ್ರ್‌ನಲ್ಲಿ. ಮಿಲೋಸ್‌ನ ಪಾಲಿಗೆ ಉಳಿದದ್ದು ಹೆಸರು, ಅಷ್ಟೆ.

ಕಪ್ಪು ಕಲ್ಲಿನ ಮಾತು ಹಾಗಲ್ಲ. ಅಬ್ಸಿಡಿಯನ್ ಎಂಬ ಈ ಜ್ವಾಲಾಮುಖಿ ಗಾಜು ದಕ್ಷಿಣ ಗ್ರೀಸಿನ ಪೆಲೊಪೊನೀಸ್‌ನ ಫ್ರಾಂಕ್ತಿ ಗುಹೆಯಲ್ಲಿ ಸುಮಾರು 13,000 ವರ್ಷ ಹಿಂದಿನ ಪದರಗಳಲ್ಲೇ ಸಿಕ್ಕಿದೆ. ಬೇಸಾಯವಿಲ್ಲ, ಮಡಕೆಯಿಲ್ಲ, ಮಿಲೋಸ್‌ನಲ್ಲಿ ಊರೂ ಇಲ್ಲ. ಆದರೂ ಯಾರೋ ಸಮುದ್ರ ದಾಟಿ ಕಲ್ಲು ತಂದಿದ್ದಾರೆ. ಅದು ಮಿಲೋಸ್‌ನದೇ ಎಂದು ಹೇಳಲು ಬಣ್ಣ ನೋಡಿದರೆ ಸಾಲದು. ಬೇರಿಯಂ, ಜಿರ್ಕೋನಿಯಂನಂಥ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುತ್ತವೆ, ಒಂದೊಂದು ಜ್ವಾಲಾಮುಖಿಯದು ಒಂದೊಂದು ಪಾಕ. ಪಾಕ ಹೋಲಿಸಿ ಮೂಲ ಹಿಡಿಯುವ ಈ ದಾರಿಯನ್ನು ಸಂಶೋಧಕರಾದ ಕಾನ್ ಮತ್ತು ರೆನ್‌ಫ್ರೂ 1964ರಲ್ಲಿ ತೋರಿಸಿದರು.

ಆ ಕಲ್ಲಿನಿಂದ ಅಲಗು ತೆಗೆಯುವುದೂ ಸುಲಭವಲ್ಲ. ಸುತ್ತಿಗೆಗಲ್ಲಿನಿಂದ ಹೊರಸಿಪ್ಪೆ ಕೆತ್ತಿ, ಉಳಿದ ಗಟ್ಟಿಯನ್ನು ಕಂಬದ ಆಕಾರಕ್ಕೆ ತಂದು, ಅಲುಗದಂತೆ ಹಿಡಿದು, ಕೊಂಬಿನ ಇಲ್ಲವೇ ತಾಮ್ರದ ಮೊನೆಯನ್ನು ಮೇಲಂಚಿಗಿಟ್ಟು ಒತ್ತಬೇಕು, ಹೊಡೆಯಬಾರದು. ಮೇಲ್ಮುಖಕ್ಕೂ ಪಕ್ಕಕ್ಕೂ ನಡುವಿನ ಕೋನ 90 ಡಿಗ್ರಿ ಮೀರಿದರೆ ಅಲಗು ಬಿಡುವುದೇ ಇಲ್ಲ. ಒತ್ತಡ ಸಾಲದಿದ್ದರೆ ಬಿರುಕು ತುದಿ ಮುಟ್ಟದೆ ನಡುವೆಯೇ ಹೊರಕ್ಕೆ ತಿರುಗಿ ಮೆಟ್ಟಿಲು ಬೀಳುತ್ತದೆ. ಮುಂದಿನ ಅಲಗೂ ಅಲ್ಲೇ ತಡೆಯುತ್ತದೆ. ಇದನ್ನು ಬಲ್ಲವನಿಗೆ ರಾಜನ ಹೆಸರು ಗೊತ್ತಿರಬೇಕಾಗಿರಲಿಲ್ಲ.

ರಾಜನೇ ಇದ್ದನೋ ಇಲ್ಲವೋ! ಸ್ತಾ ನಿಖಿಯಾ, ದೆಮೆನೆಗಾಕಿ ಎಂಬ ಮಿಲೋಸ್‌ನ ಎರಡು ಕಲ್ಲುನೆಲೆಗಳನ್ನು ಪರಿಶೀಲಿಸಿದ ಪುರಾತತ್ವಜ್ಞೆ ರಾಬಿನ್ ಟಾರೆನ್ಸ್ ಅವರಿಗೆ ಯಾರದೋ ಹಿಡಿತದಲ್ಲಿ ಗಣಿ ನಡೆಯುತ್ತಿತ್ತು ಎನ್ನುವ ಕುರುಹು ಕಾಣಲಿಲ್ಲ. ಬೇಕಾದವರು ದೋಣಿಯಲ್ಲಿ ಬಂದು ಆಯ್ದುಕೊಂಡು ಹೋಗುತ್ತಿದ್ದರು ಎಂಬುದು ಅವರ ತೀರ್ಮಾನ. ನಮ್ಮ ಪಠ್ಯಪುಸ್ತಕಗಳಿಗೆ ಇಂಥದ್ದು ರುಚಿಸುವುದಿಲ್ಲ. ದಂಡಯಾತ್ರೆಯಿದ್ದರೆ ಅಧ್ಯಾಯ, ಪಟ್ಟಾಭಿಷೇಕವಿದ್ದರೆ ಚಿತ್ರ. ವಸ್ತುಸಂಗ್ರಹಾಲಯದಲ್ಲಿ ಅಲಗಿನ ಮುಂದೆ ‘ಶಿಲಾ ಉಪಕರಣ’ ಎಂಬ ಚೀಟಿ. ಎಲ್ಲಿಯ ಕಲ್ಲು, ಹೇಗೆ ಬಂತು, ಕೇಳಬೇಡಿ. ಪ್ರವಾಸದ ಕರಪತ್ರ ತೆರೆದರೆ ಬರೀ ಕಡಲತೀರ.

ಆ ಗಾಜಿನ ಕಥೆ ಮುಗಿದೂ ಇಲ್ಲ. ಅದು ನೀರು ಹೀರಿ ಆಗುವ ಪರ್ಲೈಟನ್ನು ಮಿಲೋಸ್‌ನಲ್ಲಿ ಈಗಲೂ ಅಗೆಯುತ್ತಾರೆ. ಅದರೊಳಗಿನ ನೀರು ಶೇ. 2ರಿಂದ 5. ಸುಮಾರು 900 ಡಿಗ್ರಿ ಶಾಖಕ್ಕೆ ಗಾಜು ಮೆತ್ತಗಾಗಿ, ನೀರು ಆವಿಯಾಗಿ, ಹರಳು ಅರಳಿನಂತೆ ಉಬ್ಬುತ್ತದೆ. ನಿಧಾನ ಕಾಯಿಸಿದರೆ ನೀರು ಮೊದಲೇ ಸೋರಿಹೋಗಿ ಉಬ್ಬುವುದಿಲ್ಲ. ನೀರು ಹೆಚ್ಚಿದ್ದರೆ ಸಿಡಿದು ಪುಡಿಯಾಗುತ್ತದೆ. ನರ್ಸರಿ ಕುಂಡಗಳ ಮಣ್ಣಿನಲ್ಲಿ ಕಾಣುವ ಹಗುರ ಬಿಳಿ ಕಾಳು ಇದೇ ಪರ್ಲೈಟ್.

ಮುಂದಿನ ಸಂಚಿಕೆಯಲ್ಲಿ ಮಿಲೋಸ್‌ನ ಗಂಧಕದ ಗಣಿಗೆ ಎರಡು ಪುಟ ಮೀಸಲಿಟ್ಟಿದ್ದೇವೆ. ದೂರಿನ ಪತ್ರವನ್ನು ಈಗಲೇ ಬರೆದಿಟ್ಟುಕೊಳ್ಳಿ.