ಸೆಲ್ಲರ್ ಗೋಡೆಗೆ ಬಣ್ಣ ಬಳಿಯುವ ಮುನ್ನ ಸಂಪು ನೋಡಿ

ಮಳೆ ಶುರುವಾದರೆ ಸಾಕು, ನನಗೆ ಬರುವ ಪ್ರಶ್ನೆ ಒಂದೇ: ‘ಸಾರ್, ಸೆಲ್ಲರ್‌ಗೆ ಯಾವ ವಾಟರ್‌ಪ್ರೂಫಿಂಗ್ ಒಳ್ಳೇದು?’ ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿರುವವರು ಮಾತ್ರ ಯಾರೂ ಇಲ್ಲ.

ಪ್ರಶ್ನೆ: ಬೆಂಗಳೂರಿನ ಬಸವೇಶ್ವರನಗರದಲ್ಲಿ 1984ರಲ್ಲಿ ಕಟ್ಟಿದ ಮನೆ. ಇಳಿಜಾರು ಸೈಟು, ಸೈಜುಗಲ್ಲಿನ ಸೆಲ್ಲರ್. ಗೋಡೆ ಮೊಣಕಾಲೆತ್ತರ ಒದ್ದೆಯಾಗುತ್ತದೆ. ಒಬ್ಬರು ಒಳಗೆ ಎಪಾಕ್ಸಿ ಬಣ್ಣ ಬಳಿಸಿ ಅಂತಾರೆ, ಇನ್ನೊಬ್ಬರು ತೂತು ಕೊರೆದು ಪಾಲಿಯುರೆಥೇನ್ ತುಂಬುವ ಪಿಯು ಇಂಜೆಕ್ಷನ್, ಮತ್ತೊಬ್ಬರು ಹೊರಗೆ ಅಗೆದು ಮೆಂಬ್ರೇನ್, ಅಂದರೆ ನೀರು ತಡೆಯುವ ಪದರ. ಯಾವುದು ಸರಿ?

ಉತ್ತರ: ಆ ಮೂವರಲ್ಲಿ ಯಾರಾದರೂ ನಿಮ್ಮ ಸಂಪಿನ, ಅಂದರೆ ನೆಲದೊಳಗಿನ ನೀರಿನ ತೊಟ್ಟಿಯ, ಮುಚ್ಚಳ ತೆಗೆದು ನೋಡಿದರಾ? ಇಲ್ಲ ತಾನೇ. ಸಂಪು ತುಂಬಿಸಿ. ಬರುವ ನೀರು, ಹೋಗುವ ನೀರು ಎರಡನ್ನೂ ನಿಲ್ಲಿಸಿ. ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಡಿ. ಇಳಿದರೆ ಕಳ್ಳ ಸಿಕ್ಕಿದ. ಮಾರ್ಚ್‌ನಲ್ಲೂ ಗೋಡೆ ಒದ್ದೆ ಇದ್ದರೆ ಮಳೆಯನ್ನು ಬೈಯಬೇಡಿ. ಸಂಪು, ಕಾವೇರಿ ಪೈಪು, ಚರಂಡಿ ಚೇಂಬರ್ ನೋಡಿ. ಮಳೆಗೆ ಮಾತ್ರ ಒದ್ದೆಯಾದರೆ ತಾರಸಿ ಪೈಪು ಎಲ್ಲಿ ಸುರಿಯುತ್ತದೆ ನೋಡಿ. 2009ರಲ್ಲಿ ಬೆಂಗಳೂರಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾಯಿತಲ್ಲ, ಆಮೇಲೆ ಇಂಗುಗುಂಡಿಯನ್ನು ಸೆಲ್ಲರ್ ಗೋಡೆ ಪಕ್ಕದಲ್ಲೇ ತೋಡಿಸಿದವರನ್ನು ಕಂಡಿದ್ದೇನೆ. ತಾರಸಿಯ ನೀರನ್ನೆಲ್ಲ ತಂದು ಪಾಯಕ್ಕೆ ಕುಡಿಸಿದ ಹಾಗೆ!

ಇಷ್ಟೆಲ್ಲ ಸರಿಮಾಡಿಯೂ ನೀರು ಬಂದರೆ ಆಮೇಲೆ ವಿಧಾನದ ಮಾತು. ಎಪಾಕ್ಸಿ ಮರೆತುಬಿಡಿ. ಗೋಡೆಯ ಹಿಂದೆ 1 ಮೀಟರ್ ನೀರು ನಿಂತರೆ ಬುಡದಲ್ಲಿ ಚದರ ಮೀಟರಿಗೆ ಸುಮಾರು 1 ಟನ್ ಒತ್ತಡ. ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಮಾವನ ಮನೆಗೆ ಬಳಿಸಿದ್ದೆ. ಎರಡನೇ ಮಳೆಗಾಲಕ್ಕೆ ಎಲ್ಲ ಉದುರಿತು. ‘ನಮ್ಮ ಅಳಿಯಂದಿರು ಎಂಜಿನಿಯರು’ ಅನ್ನುವಾಗ ಅವರು ಈಗಲೂ ನಗುತ್ತಾರೆ. ಪಿಯು ಇಂಜೆಕ್ಷನ್ ಕಾಂಕ್ರೀಟಿನ ಬಿರುಕಿಗೆ ಒಳ್ಳೆಯ ಮದ್ದು. ಸೈಜುಗಲ್ಲಿನಲ್ಲಿ ಪ್ರತಿ ಸಂದೂ ನೀರಿಗೆ ದಾರಿಯೇ. ಇಲ್ಲಿ ಮುಚ್ಚಿದರೆ ಪಕ್ಕದಲ್ಲಿ ಹೊರಡುತ್ತದೆ.

ಜಾಗ ಇದ್ದರೆ ಹೊರಗಿನಿಂದಲೇ ಮಾಡಿಸಿ. ಸಂದು ಕೆರೆದು ಗಾರೆ ತುಂಬಿ, ಗಿಲಾವು ಮಾಡಿ, ಒಣಗಿದ ಮೇಲೆ ಮೆಂಬ್ರೇನ್. ಬುಡದಲ್ಲಿ ತೂತಿನ ಪೈಪು, ಸುತ್ತ ಜಲ್ಲಿ. ಪೈಪಿನ ಬಾಯಿ ಇಳಿಜಾರಿನ ಕಡೆಗೆ. ಆದರೆ ಒಂದೇ ಸಲ ಉದ್ದಕ್ಕೂ ಅಗೆಸಬೇಡಿ. ಹಳೆಯ ಕಲ್ಲುಪಾಯಕ್ಕೆ ಆ ಮಣ್ಣೇ ಆಸರೆ. ಐದಾರು ಅಡಿ ಅಗೆದು, ಕೆಲಸ ಮುಗಿಸಿ, ಮಣ್ಣು ಮುಚ್ಚಿ ಮುಂದೆ ಹೋಗಿ. ಪಾಯದ ತಳಕ್ಕಿಂತ ಕೆಳಗೆ ಇಳಿಯಬೇಡಿ. ಮಳೆಗಾಲದಲ್ಲಂತೂ ಗುದ್ದಲಿಯನ್ನೇ ಮುಟ್ಟಬೇಡಿ. ಎಂಜಿನಿಯರನ್ನು ಕರೆಸದೆ ಬರೀ ಮೇಸ್ತ್ರಿಯನ್ನು ನಂಬಿ ಅಗೆಸುವವರಿದ್ದರೆ ದಯವಿಟ್ಟು ನನ್ನ ಹೆಸರು ಹೇಳಬೇಡಿ.

ಪಕ್ಕದ ಮನೆ ಅಂಟಿಕೊಂಡಿದ್ದರೆ ಬೇರೆ ದಾರಿಯಿಲ್ಲ. ಒಳಗೆ ಗೋಡೆ ಬುಡಕ್ಕೆ ಸಣ್ಣ ಚರಂಡಿ, ಮೂಲೆಯಲ್ಲಿ ಗುಂಡಿ, ತಾನಾಗೇ ಓಡುವ ಪಂಪು. ಗೋಡೆಯ ತೇವ ಹೋಗುವುದಿಲ್ಲ, ಆದರೆ ನೆಲದ ಮೇಲೆ ನೀರು ತುಂಬಿಕೊಳ್ಳುವುದಿಲ್ಲ. ಅಲ್ಲಿ ಯಾರನ್ನೂ ಮಲಗಿಸಬೇಡಿ.

ಪ್ರಶ್ನೆ: ಗೋಡೆ ಮೇಲೆ ಬಿಳಿ ಪುಡಿ. ಬೂಷ್ಟಾ?

ಉತ್ತರ: ಉಪ್ಪು. ಒಣ ಬ್ರಷ್‌ನಲ್ಲಿ ಉಜ್ಜಿ. ಆಸಿಡ್ ಸುರಿಯಬೇಡಿ.

ಪ್ರಶ್ನೆ: ಹತ್ತು ವರ್ಷ ಗ್ಯಾರಂಟಿ ಕೊಡ್ತಾರೆ. ಒಪ್ಪಲಾ?

ಉತ್ತರ: ಅವರ ಅಂಗಡಿ ಶುರುವಾಗಿ ಎಷ್ಟು ವರ್ಷವಾಯಿತು, ಕೇಳಿ.

ಪ್ರಶ್ನೆ: ಸಿಮೆಂಟಿಗೆ ಬೆಲ್ಲ ಕಲಸಿದರೆ ನೀರು ಬರಲ್ವಂತೆ?

ಉತ್ತರ: ಹಿಂದೆ ಸುಣ್ಣದ ಗಾರೆಗೆ ಬೆಲ್ಲ ಹಾಕುತ್ತಿದ್ದದ್ದು ನಿಜ. ಸಿಮೆಂಟ್ ಬೇರೆ, ಸುಣ್ಣ ಬೇರೆ. ಸಿಹಿ ಬಿದ್ದರೆ ಸಿಮೆಂಟ್ ಗಟ್ಟಿಯಾಗುವುದು ತಡವಾಗುತ್ತದೆ. ಬೆಲ್ಲ ಹೋಳಿಗೆಗಿರಲಿ.